ಕುರ್ಚಿ ಕೊಟ್ಟ ತಪ್ಪು

ಗುರುವಾರ, ಬೆಳಿಗ್ಗೆ ಎಂಟು ಗಂಟೆ

ಪ್ರೀತಿಯ ಅತ್ತಿಗೆ,

ಸ್ಕ್ಯಾನಿಂಗ್ ಮಾಡುವ ಡಾಕ್ಟರಮ್ಮ ಈ ಪತ್ರ ಕೊಟ್ಟಾಗ ಗಾಬರಿಯಾಗಬೇಡಿ, ಮಗುವಿಗೇನೂ ಆಗಿಲ್ಲ. ಓದಿ ಅವರ ಕೈಗೇ ವಾಪಸ್ ಕೊಡಿ. ಮನೆಗೆ ಒಯ್ಯುವುದು ಬೇಡ.

ಸೋಮವಾರ ಅಣ್ಣ ನಿಮ್ಮನ್ನು ನಮ್ಮ ಎಮರ್ಜೆನ್ಸಿ ವಾರ್ಡಿಗೆ ಕರೆತಂದಾಗ ನಾನೇ ಡ್ಯೂಟಿಯಲ್ಲಿದ್ದೆ. ಆರು ತಿಂಗಳ ಬಸುರಿ, ಕೈ ಮುರಿದಿದೆ, ಬಚ್ಚಲಲ್ಲಿ ಜಾರಿ ಬಿದ್ದದ್ದು ಎಂದ. ಎಡಮಗ್ಗುಲಿಗೆ ಮಲಗಿಸಿ ಮಗುವಿನ ಎದೆಬಡಿತವನ್ನು ನಾಲ್ಕು ಗಂಟೆ ನೋಡಿದೆವು. ಎಕ್ಸ್‌ರೇಗೆ ಹೆದರಿದಿರಿ; ತಾಯಿ ನೆಟ್ಟಗಿದ್ದರೆ ತಾನೇ ಮಗು ಎಂದು ಗದರಿದೆ. ಪ್ಲಾಸ್ಟರು, ಇಂಜೆಕ್ಷನ್ನು, ಎಲ್ಲ ಕ್ರಮವಾಗಿಯೇ ಆಯಿತು. ಒಂದನ್ನು ಬಿಟ್ಟು.

ಪೆಟ್ಟು ಬಿದ್ದ ಬಸುರಿ ಬಂದರೆ ಜೊತೆಯವರನ್ನು ಹೊರಗೆ ಕಳಿಸಿ, ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ ಎಂದು ಅವಳೊಬ್ಬಳನ್ನೇ ಕೇಳಬೇಕು. ಇದು ನಮ್ಮ ವಾರ್ಡಿನ ಕಟ್ಟುನಿಟ್ಟು. ಪೊಲೀಸಿನವರನ್ನೂ ಹೆಡ್‌ಮಾಸ್ಟರನ್ನೂ ಮುಲಾಜಿಲ್ಲದೆ ಹೊರಗಟ್ಟಿ, ಗಯ್ಯಾಳಿ ನರ್ಸ್ ಎಂಬ ಬಿರುದು ಪಡೆದವಳು ನಾನು. ಅಣ್ಣನಿಗೆ ಮಾತ್ರ ಕುರ್ಚಿ ಹಾಕಿದೆ. ಟೀ ತರಿಸಿದೆ. ನಿಮ್ಮನ್ನು ಕೇಳಿದ್ದಕ್ಕೆಲ್ಲ ಅವನೇ ಉತ್ತರ ಕೊಟ್ಟ, ನಾನು ಬರೆದುಕೊಂಡೆ.

ತೋಳಿನ ಮೇಲೆ ನಾಲ್ಕು ಬೆರಳಿನ ಗುರುತು ಕಂಡಿತ್ತು ಅತ್ತಿಗೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಕಂಡಿತ್ತು. ನನಗೆ ಸೈಕಲ್ ಕಲಿಸಿದ ಅಣ್ಣ, ಅವನು ಅಂಥವನಲ್ಲ ಎಂದುಕೊಂಡು ಹೊದಿಕೆಯನ್ನು ಮೇಲಕ್ಕೆಳೆದೆ. ನಾಚಿಕೆಯಾಗುತ್ತಿದೆ.

ನಿನ್ನೆ ಕೇಸ್ ಶೀಟಿನಲ್ಲಿ ಆ ಗುರುತುಗಳನ್ನು ಸೇರಿಸಿ, ತಡವಾಗಿ ಬರೆದದ್ದು ಎಂದೂ ನಮೂದಿಸಿ ಸಹಿ ಹಾಕಿದೆ. ನಾನು ಕೇಳದ ಪ್ರಶ್ನೆಯನ್ನು ಈಗ ಡಾಕ್ಟರಮ್ಮ ಕೇಳುತ್ತಾರೆ. ಹೌದು ಎಂದರೆ, ಹಿಂದಿನ ಬಾಗಿಲಲ್ಲಿ ನನ್ನ ಗೆಳತಿ ಕಾರು ನಿಲ್ಲಿಸಿಕೊಂಡಿದ್ದಾಳೆ. ಅವಳ ಮನೆ ಅಣ್ಣನಿಗೆ ಗೊತ್ತಿಲ್ಲ. ಜಾರಿ ಬಿದ್ದದ್ದೇ ನಿಜವಾದರೆ ಬಾಯಿತುಂಬ ಬೈಯಿರಿ, ಬೈಸಿಕೊಳ್ಳುತ್ತೇನೆ. ಇವತ್ತು ಧೈರ್ಯ ಸಾಲದಿದ್ದರೆ ಅದೂ ಸರಿಯೇ. ಮುಂದಿನ ಸಲ ಬಂದಾಗ ಮತ್ತೆ ಕೇಳುತ್ತೇವೆ.

ನಿಮ್ಮ ಮೇಲೆ ಪ್ರಾಣವಿಟ್ಟುಕೊಂಡಿರುವ
ನಾದಿನಿ

ಬರೆಯಲು ಮರೆತದ್ದು: ನೀವು ಇದನ್ನು ಓದುವಾಗ ಅಣ್ಣ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕದಲ್ಲೇ ಕೂತಿರುತ್ತಾನೆ. ಮೆಷಿನ್ನು ಕೆಟ್ಟಿದೆ, ಒಂದು ಗಂಟೆಯಾದರೂ ಆಗುತ್ತದೆ ಎಂದು ಹೇಳಿರುತ್ತೇನೆ. ಅವನಿಗೆ ನಾನು ಇದುವರೆಗೆ ಒಂದೇ ಒಂದು ಸುಳ್ಳೂ ಹೇಳಿದವಳಲ್ಲ, ಹಾಗಾಗಿ ನಂಬುತ್ತಾನೆ. ನೀವು ನಿಧಾನವಾಗಿ ಯೋಚಿಸಿ.