ಪಕ್ಕದ ಸೀಟಿನ ಟವೆಲು

ಎರಡನೆಯ ಶುಕ್ರವಾರ, ಫೆಬ್ರುವರಿ ಮೂವತ್ತು, ೨೩೧೧
ಮೂರನೆಯ ರಾಣೆಬೆನ್ನೂರು

ಇಪ್ಪತ್ತೊಂದನೆಯ ಶತಮಾನದ ಮಹಾಪ್ರೇಕ್ಷಕರೇ,

ತಾರೀಖು ನೋಡಿ ನಗಬೇಡಿ. ನಿಮಗೆ ಫೆಬ್ರುವರಿ ಮೂವತ್ತು ಇರಲಿಲ್ಲ, ವಾರಕ್ಕೊಂದೇ ಶುಕ್ರವಾರವಿತ್ತು. ಅದು ನಿಮ್ಮ ಬಡತನ. ಚಿತ್ರ ಬಿಡುಗಡೆಗೆ ಒಂದೇ ದಿನ ಸಾಲದೆಂದು ನಮ್ಮ ಹಿರಿಯರು ಬುಧವಾರವನ್ನು ಕಿತ್ತೆಸೆದು ಅಲ್ಲಿಗೆ ಇನ್ನೊಂದು ಶುಕ್ರವಾರವನ್ನು ಕೂರಿಸಿದರು. ತಿಂಗಳುಗಳನ್ನೂ ಹಾಗೆಯೇ ಎಳೆದು ಹಿಗ್ಗಿಸಿದರು. ಊರಿನ ಹೆಸರಿಗೂ ಗಾಬರಿಯಾಗಬೇಡಿ. ಮೊದಲನೆಯ ರಾಣೆಬೆನ್ನೂರನ್ನು ನೀರು ನುಂಗಿತು, ಎರಡನೆಯದನ್ನು ಧೂಳು ನುಂಗಿತು, ಮೂರನೆಯದರಲ್ಲಿ ನಾವು ಕೂತು ಚಿತ್ರ ನೋಡುತ್ತಿದ್ದೇವೆ.

ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮೆಯಿರಲಿ. ನೀವು ಸತ್ತ ಮೇಲೆ ಹುಟ್ಟಿದ ಶಬ್ದಗಳು ಇದರಲ್ಲಿ ಬಂದೇ ಬರುತ್ತವೆ. ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಮತ್ತೆ ನಾನು, ಈ ಹುಚ್ಚೀರಪ್ಪ, ನಾಟಕ ಕಂಪನಿಯೊಂದರ ಡೇರೆಯಲ್ಲಿ ಹುಟ್ಟಿ, ವೇಷದ ಟ್ರಂಕಿನ ಮೇಲೆ ಮಲಗಿ, ರಾಕ್ಷಸರ ಪಾರ್ಟು ಮಾಡಿ ಬೆಳೆದವನು. ಉಪ್ಪು ಕೇಳಿದರೂ ಕೊನೆಯ ಸಾಲಿನವನಿಗೆ ಕೇಳಿಸಬೇಕು, ಅದು ನನ್ನ ಅಭ್ಯಾಸ. ನಿಮಗೂ ನನಗೂ ನಡುವೆ ಮುನ್ನೂರು ವರ್ಷಗಳ ಸಾಲುಗಳಿವೆ. ಕೂಗದೆ ಹೇಗೆ ಮುಟ್ಟಲಿ?

ನಿಮ್ಮ ಜಗಳ ನಮಗೆ ಗೊತ್ತಿದೆ. ನಿಮ್ಮಲ್ಲೊಬ್ಬ ಪಾಪ್‌ಕಾರ್ನ್ ಮುಕ್ಕುತ್ತ, ‘ಮಜಾ ತಗೋ ಗುರೂ, ಲಾಜಿಕ್ ಕೇಳಬೇಡ’ ಎನ್ನುತ್ತಿದ್ದ. ಇನ್ನೊಬ್ಬ ಗಡ್ಡ ನೀವುತ್ತ, ‘ಇದನ್ನು ಸಿನಿಮಾ ಅಂತೀರಾ?’ ಎಂದು ಮೂಗು ಮುರಿಯುತ್ತಿದ್ದ. ಸಂಜೆಗೆ ಇಬ್ಬರೂ ಒಂದೇ ಅಂಗಡಿಯಲ್ಲಿ ಚಹಾ ಕುಡಿದು ಮನೆಗೆ ಹೋಗುತ್ತಿದ್ದಿರಂತೆ. ಎಂಥ ಸುಖಪುರುಷರು! ನೀವು ಹೊತ್ತು ಕಳೆಯಲು ಆಡಿದ ಆ ಜಗಳ ನಮ್ಮಲ್ಲಿ ಸಾವಿನ ಶಾಸ್ತ್ರವಾಗಿ ಕೂತಿದೆ.

ನಮ್ಮಲ್ಲಿ ಹುಟ್ಟಿದ ಕೂಸಿಗೆ ಕಿವಿ ಚುಚ್ಚುವಾಗಲೇ ಒಂದು ಕಾಣಿಮಣಿ ತೊಡಿಸುತ್ತಾರೆ. ಹೆಸರುಬೇಳೆಯಷ್ಟು ಸಣ್ಣ ಮಣಿ. ತೊಟ್ಟವರು ಕಂಡದ್ದು, ಕೇಳಿದ್ದು ಎಲ್ಲ ಅದರಲ್ಲಿ ಕೂಡಿಕೊಳ್ಳುತ್ತದೆ. ಸತ್ತ ಹನ್ನೊಂದನೆಯ ದಿನ ಆ ಮಣಿಯನ್ನು ಕಟ್ಟುಯಂತ್ರಕ್ಕೆ ಹಾಕಿ, ಬದುಕನ್ನು ಒಂದು ಚಿತ್ರವಾಗಿ ಕಟ್ಟಿಸಿ, ಊರ ಪರದೆಕಟ್ಟೆಯಲ್ಲಿ ಮ್ಯಾಟ್ನಿ ಆಟವಾಗಿ ತೋರಿಸುತ್ತಾರೆ. ಅದಕ್ಕೆ ಕೊನೆಯಾಟ ಎಂದು ಹೆಸರು. ಯಂತ್ರಕ್ಕಿರುವುದು ಎರಡೇ ಹಿಡಿಕೆ. ಒಂದನ್ನು ತಿರುವಿದರೆ ಹಾರುಚಿತ್ರ: ಬದುಕಿನುದ್ದಕ್ಕೂ ಗಿರಣಿಯಲ್ಲಿ ಹಿಟ್ಟು ಬೀಸಿದವನು ಪರದೆಯ ಮೇಲೆ ಹೆಲಿಕಾಪ್ಟರನ್ನು ಬಾಲ ಹಿಡಿದು ನೆಲಕ್ಕೆ ಬಡಿಯುತ್ತಾನೆ, ಹಿಮದ ಮೇಲೆ ತೆಳ್ಳನೆಯ ಅಂಗಿ ತೊಟ್ಟು ಕುಣಿಯುತ್ತಾನೆ. ಇನ್ನೊಂದನ್ನು ತಿರುವಿದರೆ ನಡೆಚಿತ್ರ: ಅವನ ಕಣ್ಣು ಕಂಡದ್ದು ಕಂಡ ಹಾಗೆ, ಬೀಸಿದ ಹಿಟ್ಟು ಬೀಸಿದ ಹಾಗೆ.

ಕಾನೂನು ಸರಳವಾಗಿದೆ. ಆಟ ಮುಗಿಯುವ ಹೊತ್ತಿಗೆ ಅರ್ಧ ಕಟ್ಟೆಯಾದರೂ ತುಂಬಿದ್ದರೆ ಸತ್ತವರ ಹೆಸರು ಊರಿನ ಗೋಡೆಗೆ ಏರುತ್ತದೆ. ಜನ ಎದ್ದುಹೋದರೂ, ಆಟ ಅರ್ಧಕ್ಕೆ ನಿಂತರೂ ಮಣಿಯನ್ನು ಕರಗಿಸುತ್ತಾರೆ. ಆಮೇಲೆ ಆ ಹೆಸರನ್ನು ಯಾರೂ ಬಾಯಲ್ಲಿ ಎತ್ತುವಂತಿಲ್ಲ. ಯಾವ ಹಿಡಿಕೆ ತಿರುವಬೇಕೆಂಬ ಆಯ್ಕೆಯೂ ಪರದೆ ಇಳಿಸಿ ಆಟ ಮುಗಿಸುವ ಹಗ್ಗವೂ ಹತ್ತಿರದ ವಾರಸುದಾರರ ಕೈಯಲ್ಲಿರುತ್ತವೆ. ಮಂಗಳ ಹಾಡಿದ ಮೇಲೆ ಹಗ್ಗ ಎಳೆಯಬೇಕು. ನಾನು ಆ ಕಟ್ಟೆಯ ಸಾರುವವ: ಸತ್ತವರ ಹೆಸರನ್ನು ಕೂಗಿ ಹೇಳಿ ಆಟ ಶುರುಮಾಡುವ ಚಾಕರಿ ನನ್ನದು.

ಹೋದ ತಿಂಗಳು ಸತ್ತವಳು ನೀಲಗಂಗವ್ವ. ಖಾನಾವಳಿ ನಡೆಸುತ್ತಿದ್ದ ಹೆಂಗಸು. ರೊಟ್ಟಿ ಬಡಿದ ಕೈ ತೊಳೆದುಕೊಂಡರೆ ನೇರ ಟಾಕೀಸಿಗೆ. ನಿಮ್ಮ ಕಾಲದ ಹಾರುಚಿತ್ರಗಳೆಂದರೆ ಪ್ರಾಣ. ಎರಡು ಬೆರಳು ಬಾಯಿಗಿಟ್ಟು ಅವಳು ಶಿಳ್ಳೆ ಹಾಕಿದರೆ ಬೀದಿಯ ನಾಯಿಗಳು ಎದ್ದು ನಿಲ್ಲುತ್ತಿದ್ದವು. ಸಾಯುವ ಮುನ್ನ ತಂಗಿ ದ್ಯಾಮವ್ವನ ಕೈ ಹಿಡಿದು, “ನನ್ನ ಹಾರಸ್ರಿ. ಹತ್ತು ಮಂದಿನ್ನಾದ್ರೂ ಒದ್ದ ಮ್ಯಾಲ ಹೋಗ್ತೀನಿ” ಎಂದಿದ್ದಳು.

ಆದರೆ ಹಗ್ಗ ಇದ್ದದ್ದು ಮಗಳು ಶಿವಲೀಲಾಳ ಕೈಯಲ್ಲಿ. ಶಿವಲೀಲಾ ಮೌನಿಗಳ ಪಂಗಡದವಳು. ಮೌನಿಗಳೆಂದರೆ ನಡೆಚಿತ್ರ ಬಿಟ್ಟು ಬೇರೆ ನೋಡದವರು, ನೋಡುವಾಗ ಕೆಮ್ಮದವರು. ಕಟ್ಟೆ ಎಷ್ಟು ಖಾಲಿಯಾದರೆ ಚಿತ್ರ ಅಷ್ಟು ದೊಡ್ಡದೆಂದು ನಂಬಿದವರು. ದ್ಯಾಮವ್ವ ಯಂತ್ರದ ಮುಂದೆ ಅಡ್ಡ ನಿಂತು ಗೋಗರೆದಳು: “ಒಂದ್ ಹಾಡರೆ ಹಾಕಸವ್ವಾ. ಜನ ಕುಂದ್ರಬೇಕಲ್ಲ! ನಿಮ್ಮವ್ವನ ಹೆಸರ ಹೋಗತೈತಿ.” ಶಿವಲೀಲಾ ಚಿಕ್ಕಮ್ಮನ ಕೈಯನ್ನು ಹಿಡಿಕೆಯಿಂದ ಬಿಡಿಸಿ, “ನಮ್ಮವ್ವನ ಜೋಕರ್ ಮಾಡಬ್ಯಾಡ ಚಿಗವ್ವಾ. ಆಕೀ ಜೀವನಕ್ಕ ಒಂದ್ ಘನತೆ ಐತಿ” ಎಂದು ನಡೆಚಿತ್ರಕ್ಕೇ ತಿರುವಿದಳು. ಘನತೆ! ಖಾನಾವಳಿಯ ಹಿಂಬಾಗಿಲಿನಿಂದ ತಲೆ ತಗ್ಗಿಸಿ ಹೋಗಿಬರುತ್ತಿದ್ದವಳಿಗೆ ತಾಯಿ ಹೆಣವಾದ ಮೇಲೆ ಕಂಡ ಘನತೆ!

ನಾನು ಹೆಸರು ಕೂಗಿದೆ. ಆಟ ಶುರುವಾಯಿತು. ಪರದೆಯ ತುಂಬ ರೊಟ್ಟಿ. ನೀಲಗಂಗವ್ವನ ಕಣ್ಣು ಕಂಡದ್ದೇ ಚಿತ್ರವಾದ್ದರಿಂದ ಅವಳು ಕಾಣುವುದಿಲ್ಲ. ಎರಡು ಕೈ, ಕಲ್ಲು, ಹಿಟ್ಟು, ಹೊಗೆ. ಬಡಿದಳು, ತಿರುವಿದಳು, ಹೆಂಚಿಗೆ ಹಾಕಿದಳು. ಮತ್ತೆ ಬಡಿದಳು. ಹಿಂದಿನ ಸಾಲಿನಲ್ಲಿ ಮೌನಿಗಳ ಮುಖ್ಯಸ್ಥ ಪಂಪಾಪತಯ್ಯ ಕಣ್ಣು ಅರೆಮುಚ್ಚಿ ಪರಮಾನಂದದಲ್ಲಿ ತಲೆದೂಗಿದ. ಮುಂದಿನ ಬೆಂಚಿನವನೊಬ್ಬ ಎದ್ದು ಧೋತರ ಕೊಡವಿದ. “ರೊಟ್ಟಿ ಬಡಿಯೋದು ನೋಡಾಕ ಇಲ್ಲಿತನಕ ಬರಬೇಕೇನೋ? ಮನ್ಯಾಗ ನಮ್ಮಾಕಿ ಬಡೀತಾಳ, ರೊಟ್ಟೀನೂ ಬಡೀತಾಳ, ನನ್ನೂ ಬಡೀತಾಳ.” ಸಾಲಿಗೆ ಸಾಲೇ ನಗುತ್ತ ಎದ್ದು ಮಿರ್ಚಿ ಭಜಿಯ ಅಂಗಡಿಯತ್ತ ನಡೆಯಿತು. ಅವಳ ಕೈಯ ರೊಟ್ಟಿ ತಿಂದು ಬೆಳೆದ ಹೊಟ್ಟೆಗಳೇ ಅವೆಲ್ಲ. ಕಟ್ಟೆ ಅರ್ಧಕ್ಕಿಂತ ಕೆಳಗಿಳಿಯುತ್ತಿತ್ತು. ಶಿವಲೀಲಾಳ ಮುಖದಲ್ಲಿ ತೃಪ್ತಿ. ದ್ಯಾಮವ್ವ ಸೆರಗು ಬಾಯಿಗೆ ತುರುಕಿಕೊಂಡಿದ್ದಳು.

ಆಗ ಚಿತ್ರ ಟಾಕೀಸಿನ ಬಾಗಿಲು ದಾಟಿ ಒಳಗೆ ಹೋಯಿತು!

ಹೋಗಲೇಬೇಕಲ್ಲ, ಮಹಾಪ್ರೇಕ್ಷಕರೇ! ಆ ಕಣ್ಣು ರೊಟ್ಟಿ ಬಿಟ್ಟು ಕಂಡದ್ದೇ ಅದನ್ನು. ನಡೆಚಿತ್ರವನ್ನೇ ಕೇಳಿದ ಶಿವಲೀಲಾಳಿಗೆ ಇಷ್ಟು ಹೊಳೆದಿರಲಿಲ್ಲ. ಪರದೆಯೊಳಗೆ ಇನ್ನೊಂದು ಪರದೆ ಹೊತ್ತಿಕೊಂಡಿತು. ನಗಾರಿ ಬಡಿಯಿತು, ಧೂಳೆದ್ದಿತು, ಧೂಳಿನೊಳಗಿಂದ ಮೊದಲು ಚಪ್ಪಲಿ, ಆಮೇಲೆ ಮೀಸೆ, ಆಮೇಲೆ ಹೀರೋ! ಭಜಿ ಬಾಯಲ್ಲಿಟ್ಟುಕೊಂಡೇ ಜನ ಓಡಿ ಬಂದರು. ಕಾಗದ ಹರಿದು ತೂರಿದರು. ಕಟ್ಟೆ ಅರ್ಧ ತುಂಬಿತು, ಮುಕ್ಕಾಲು ತುಂಬಿತು, ಗೋಡೆ ಹತ್ತಿ ಕೂತರು. “ಉಳೀತು! ನಮ್ಮಕ್ಕನ ಹೆಸರ ಉಳೀತು!” ಎಂದು ದ್ಯಾಮವ್ವ ಎದೆ ಬಡಿದುಕೊಂಡು ಕುಣಿದಳು.

ಪಂಪಾಪತಯ್ಯ ಹಿಂದಿನಿಂದ ಬಾಗಿ, ಕೆಮ್ಮಿದರೆ ಪಾಪ ಬಂದೀತೆಂಬಷ್ಟು ಮೆಲ್ಲಗೆ, “ಶಿವಲೀಲಾ ಅವರೇ, ನಿಮ್ಮ ತಾಯಿಯವರ ಅಭಿರುಚಿ ಹೀಗಿತ್ತೆಂದು ನಮಗೆ ತಿಳಿದಿರಲಿಲ್ಲ” ಎಂದ. ಅವಳ ಕಿವಿ ಕೆಂಪಾಯಿತು. ಕೈ ಹಗ್ಗಕ್ಕೆ ಹೋಯಿತು, ಆದರೆ ಎಳೆಯಲಿಲ್ಲ.

ಆಗ ಚಿತ್ರ ಪಕ್ಕಕ್ಕೆ ತಿರುಗಿತು. ಹೀರೋ ಹೊಡೆಯುತ್ತಿರುವಾಗಲೇ ನೀಲಗಂಗವ್ವ ಪಕ್ಕದ ಸೀಟನ್ನು ನೋಡಿದ್ದಳು. ಸೀಟಿನ ಮೇಲೆ ಒಂದು ಚೌಕಳಿ ಟವೆಲು. ಬರುವವರಿಗೆ ಜಾಗ ಹಿಡಿಯಲು ಹಾಸುತ್ತೀರಲ್ಲ, ಆ ಪದ್ಧತಿ ನಮ್ಮವರೆಗೂ ಹರಿದುಬಂದಿದೆ. ಗೇಟ್‌ಕೀಪರ್ ಬ್ಯಾಟರಿಯ ಬೆಳಕು ಬಿಟ್ಟು ಕೇಳಿದ: “ಯಾರ್ ಬರ್ತಾರಬೇ ಇಲ್ಲಿ?” ಪರದೆಯಿಂದ ನೀಲಗಂಗವ್ವನ ದನಿ ಬಂತು: “ನನ್ನ ಮಗಳು ಬರ್ತಾಳ್ರೀ. ಇಂಟರ್‌ವಲ್‌ದಾಗ ಬರ್ತೀನಿ ಅಂದಾಳ.” ಮತ್ತೊಂದು ಶುಕ್ರವಾರ, ಮತ್ತೊಬ್ಬ ಹೀರೋ, ಅದೇ ಟವೆಲು. ಟವೆಲಿನ ಬಣ್ಣ ಮಾಸಿತು, ಅಂಚು ಹರಿಯಿತು. “ಬರ್ತಾಳ್ರೀ.” ಗೇಟ್‌ಕೀಪರನೇ ಮುದುಕನಾದ. ಆಮೇಲಾಮೇಲೆ ಅವನು ಕೇಳುವುದನ್ನೇ ಬಿಟ್ಟು ಬ್ಯಾಟರಿಯನ್ನು ಬೇರೆಡೆಗೆ ತಿರುಗಿಸಿಕೊಂಡು ಹೋದ. ಆಗಲೂ ಅವಳು ಯಾರೂ ಕೇಳದೆ ಹೇಳಿದಳು: “ಬರ್ತಾಳ್ರೀ.”

ನಾಟಕದವನ ಮಾತು ಕೇಳಿ: ಅಂಥ ದೃಶ್ಯವನ್ನು ಯಾವ ಮೌನಿಯೂ ಕಟ್ಟಿಲ್ಲ, ಯಾವ ಹೀರೋನೂ ಹಾರಿ ಮುಟ್ಟಿಲ್ಲ. ಅದಕ್ಕೆ ಸಿಕ್ಕ ಮರ್ಯಾದೆ ಏನು ಗೊತ್ತೇ? ಮುಂದಿನ ಬೆಂಚಿಗೆ ಅದು ಕಾಮಿಡಿಯಾಯಿತು. ಟವೆಲು ಕಂಡಾಗಲೆಲ್ಲ, “ಬಂದ್ಲೇನವ್ವಾ ಮಗಳು?” ಎಂದು ಒಬ್ಬ ಕೂಗುವುದು, “ಇಂಟರ್‌ವಲ್‌ದಾಗ ಬರ್ತಾಳಂತಲೇ!” ಎಂದು ಇಡೀ ಕಟ್ಟೆ ಒದರುವುದು. ಹಿಂದಿನ ಸಾಲಿಗೆ ಟವೆಲು ಕಾಣಲೇ ಇಲ್ಲ. ಶಿಳ್ಳೆಯ ಗದ್ದಲದಿಂದ ಅವರ ಸೂಕ್ಷ್ಮ ಮನಸ್ಸಿಗೆ ನೋವಾಗಿತ್ತು, ಕಿವಿ ಮುಚ್ಚಿಕೊಂಡು ನೆಲ ನೋಡುತ್ತಿದ್ದರು.

ದ್ಯಾಮವ್ವ ಓಡಿಬಂದು ಹಗ್ಗದ ಮೇಲಿನ ಕೈಯನ್ನು ಎರಡೂ ಕೈಯಿಂದ ಹಿಡಿದಳು. “ಕುಂದ್ರವ್ವಾ ನಮ್ಮವ್ವಾ. ನಗಲಿ ಬಿಡ, ನಕ್ಕರ ನಗಲಿ, ನಕ್ಕೋತರೆ ಕುಂತಾರಲ್ಲ! ಇನ್ನೊಂದಿಷ್ಟ ಐತಿ.”

“ಬಂದ್ಲೇನವ್ವಾ ಮಗಳು?” ಎಂದಿತು ಕಟ್ಟೆ.

ಶಿವಲೀಲಾ ಚಿಕ್ಕಮ್ಮನನ್ನು ಮೊಣಕೈಯಿಂದ ತಳ್ಳಿ ಹಗ್ಗ ಎಳೆದಳು. ಪರದೆ ಬಿತ್ತು. ಅಂತೂ ತಾಯಿ ಟವೆಲು ಹಾಸಿದ ಆಟಕ್ಕೆ ಮಗಳು ಬಂದಳು, ಇಂಟರ್‌ವಲ್ ಮಾಡಲು ಬಂದಳು!

ಮಣಿ ಕರಗಿಸುವಾಗ ಸುಟ್ಟ ರೊಟ್ಟಿಯ ವಾಸನೆ ಬಂತೆಂದು ಹೇಳಿದರೆ ಈ ಕಾಗದ ಚೆನ್ನಾಗಿ ಕಾಣುತ್ತಿತ್ತು. ಯಾವ ವಾಸನೆಯೂ ಬರಲಿಲ್ಲ. ಮುಂದಿನ ಬೆಂಚಿನವರು ಅರ್ಧಕ್ಕೆ ನಿಂತ ಫೈಟಿಗಾಗಿ ಕುರ್ಚಿ ಮುರಿದರು. ಮೌನಿಗಳು ಶಿವಲೀಲಾಳ ಬೆನ್ನು ತಟ್ಟಿ, ಪರದೆ ಬಿದ್ದ ಆ ಕ್ಷಣದ ಕತ್ತಲೆಯೇ ಚಿತ್ರದ ಶ್ರೇಷ್ಠ ಭಾಗವೆಂದು ಚರ್ಚೆ ನಡೆಸಿದರು. ಅವಳು ಈಗ ಅವರ ಸಾಲಿನ ನಡುಮಧ್ಯ ಕೂರುತ್ತಾಳೆ, ಕೆಮ್ಮುವುದಿಲ್ಲ. ದ್ಯಾಮವ್ವ ಅಕ್ಕನ ಹೆಸರನ್ನು ಒಂದು ಸಲ ಬೀದಿಯಲ್ಲಿ ಕೂಗಿದಳು. ಈಗ ಅವಳ ಬಾಯಿಗೆ ಊರವರು ಬೀಗ ತೊಡಿಸಿದ್ದಾರೆ. ಬೀಗ ಎಂದರೆ ಬೀಗವೇ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಾಗದ ಯಾಕೆಂದು ಈಗ ತಿಳಿದಿರಬೇಕು. ನಮ್ಮ ಕಾನೂನಿಗೆ ಮುಂದೆ ಓಡಲು ಕಾಲಿದೆ, ಹಿಂದೆ ಓಡಲು ಇಲ್ಲ. ಮುನ್ನೂರು ವರ್ಷ ಹಿಂದಿರುವ ನಿಮ್ಮ ಬಾಯಿಗೆ ಬೀಗ ಹಾಕಲು ಇವರಿಂದಾಗದು. ನಿಮ್ಮ ಮೇಲೆ ನನಗೆ ಯಾವ ಪ್ರೀತಿಯೂ ಇಲ್ಲ. ನೀವೇ ನೆಟ್ಟ ಗಿಡದ ಮುಳ್ಳು ಇದು. ಆದರೂ ಕೇಳುತ್ತೇನೆ, ಕೇಳಲು ಬೇರೆ ಯಾರೂ ಉಳಿದಿಲ್ಲ. ಬರುವ ಶುಕ್ರವಾರ ಚಿತ್ರಕ್ಕೆ ಹೋಗಿ. ಹಾರುವುದಕ್ಕೆ ಹೋಗಿ, ನಡೆಯುವುದಕ್ಕೆ ಹೋಗಿ, ನಿಮ್ಮ ಹಣೆಬರಹ. ಪಕ್ಕದ ಸೀಟಿನ ಮೇಲೆ ಒಂದು ಟವೆಲು ಹಾಸಿ. ಯಾರು ಬರುತ್ತಾರೆಂದು ಗೇಟ್‌ಕೀಪರ್ ಕೇಳಿದರೆ ಕೊನೆಯ ಸಾಲಿಗೂ ಕೇಳಿಸುವಂತೆ ಗಂಟಲು ಬಿಚ್ಚಿ ಹೇಳಿ:

“ನೀಲಗಂಗವ್ವ ಬರ್ತಾಳ್ರೀ.”

ಸಾರುವ ಹುಚ್ಚೀರಪ್ಪ