ಕಿಟಕಿಯಲ್ಲಿದ್ದ ನೇರಳೆ ಕಲ್ಲು

12 ಜನವರಿ, ಶುಕ್ರವಾರ

ಇವತ್ತೂ ಮಿಠಾಯಿ ಅಂಗಡಿಯಲ್ಲಿ ಕರದಂಟಿನ ಬಾಕ್ಸ್ ಕಟ್ಟಿದ್ದೇ ಕಟ್ಟಿದ್ದು. ಉಗುರು ಸಂದಿಯ ಅಂಟು ಹೋಗಿಲ್ಲ. ಪೆನ್ನಿಗೂ ಹತ್ತುತ್ತಿದೆ.

ಮಧ್ಯಾಹ್ನದ ಬಸ್ಸಿನಿಂದ ಗಾಳೆಪ್ಪ ಕಾಕಾ ಇಳಿದ. ಅಪ್ಪನ ಜೊತೆ ಇಳಕಲ್ಲಿನ ಗ್ರಾನೈಟ್ ಖಣಿಯಲ್ಲಿ ಡ್ರಿಲ್ ಹಿಡಿಯುತ್ತಿದ್ದವನು. ಈಗಲೂ ಹಿಡಿಯುತ್ತಾನೆ. ಕೌಂಟರಿನ ಮೇಲೆ ಟವೆಲ್ ಬಿಚ್ಚಿದ. ಒಳಗೆ ರೊಟ್ಟಿ, ರೊಟ್ಟಿಯೊಳಗೆ ಹರಳು. ಬೆರಳುದ್ದ, ಹೊಗೆ ಬಣ್ಣ. ತುದಿ ಮುಕ್ಕಾಗಿಲ್ಲ. ಖಣಿಯವರು ಹರಳನ್ನು ಹೀಗೇ ತರುವುದು. ಮೆತ್ತನೆಯ ರೊಟ್ಟಿ ತುದಿ ಕಾಯುತ್ತದೆ.

ಅಂಗಡಿಯ ಮಾಲಕಿ ಇಂದ್ರಾಬಾಯಿ ಅಕ್ಕ ನಕ್ಕಳು. "ಮಂದಿ ಬಂಗಾರ ಕೂಡಸ್ತಾರ, ನಮ್ಮ ಮಾಯಾ ಕಲ್ಲು ಕೂಡಸ್ತಾಳ. ಲಗ್ನದಾಗ ಕೊಳ್ಳಾಗ ಇದನ್ನ ಹಾಕ್ಕೊಂತಿ ಏನವಾ?"

ಇನ್ನೊಂದು ಬಾಕ್ಸ್ ಕಟ್ಟಿದೆ. ನನಗೆ ಉತ್ತರಗಳು ಬರುವುದು ಸಂಜೆ, ಹುನಗುಂದದ ಬಸ್ಸು ಹತ್ತಿದ ಮೇಲೆ.

ಹರಳಿಗೆ ಬದಲು ಕಾಕಾ ಕರದಂಟು ಕೇಳಿದ. ಒಂದು ದೊಡ್ಡ ಬಾಕ್ಸ್ ಕೊಟ್ಟೆ. ಹೋಗುವಾಗ ತಿರುಗಿ ನಿಂತ. "ಬಾದಾಮಿ ಇಮಾಮಸಾಬ ಹರಳಿನ ಅಂಗಡಿ ಮುಚ್ಚತಾನಂತ. ಮೊಣಕಾಲು ಕೈಕೊಟ್ಟಾವ. ಮುಂದಿನ ತಿಂಗಳ ಜಳಗಾಂವದ ವ್ಯಾಪಾರಿ ಒಬ್ಬಾಂವ ಬಂದು ಹರಳೆಲ್ಲಾ ಒಮ್ಮಿಗೇ ಎತ್ತತಾನಂತ. ನಿಮ್ಮಪ್ಪನ ಕಲ್ಲೂ ಅಲ್ಲೇ ಐತೆಲ್ಲ..."

ಆಮೇಲೆ ಎರಡು ಬಾಕ್ಸಿಗೆ ಲೇಬಲ್ ತಲೆಕೆಳಗಾಗಿ ಅಂಟಿಸಿದೆ.

13 ಜನವರಿ, ಶನಿವಾರ

ಡಬ್ಬಿ ತೆಗೆದು ನೋಡಿದೆ. ಅಪ್ಪನ ತಂಬಾಕಿನ ಡಬ್ಬಿ. ಒಳಗೆ ಅವ್ವನ ಹಳೆಯ ಇಳಕಲ್ ಸೀರೆಯ ಸೆರಗಿನ ತುಂಡು. ಅದರೊಳಗೆ ಹರಳಿನ ತುದಿ. ಮಳೆ ಬಿದ್ದ ಮರುದಿನದ ನೇರಳೆ ಹಣ್ಣಿನ ಹಾಗೆ.

ಆ ಕಲ್ಲು ಬಂದಾಗ ನಾನು ಸಾಲೆಯಲ್ಲಿ ಐದನೆಯ ಇಯತ್ತೆ. ಅಪ್ಪ ಬಂದು ಬುತ್ತಿಯ ಗಂಟನ್ನು ನನ್ನ ಮುಂದಿಟ್ಟ. ರೆಪ್ಪೆಯ ಮೇಲೆ ಕೆಂಪು ಧೂಳು. "ಬಿಚ್ಚ ನೋಡೂನು." ಮೂರು ರೊಟ್ಟಿ ಸುತ್ತಿದ್ದ. ಒಳಗೆ ತೆಂಗಿನಕಾಯಿಯಷ್ಟು ದೊಡ್ಡ ಗೊಂಚಲು. ಬುಡದಲ್ಲಿ ಬಿಳಿ, ಮೇಲೆ ಮೇಲೆ ನೇರಳೆ. ಖಣಿಯ ಮಾಲೀಕರಿಗೆ ಹರಳಿದ್ದ ಬಂಡೆ ಎಂದರೆ ಹುಳುಕು ಹಲ್ಲು, ಬೈದು ಎಸೆಯುತ್ತಾರೆ. ಅಪ್ಪ ಅದನ್ನು ಕಲ್ಲಿನ ಹೊಟ್ಟೆ ಎನ್ನುತ್ತಿದ್ದ. "ಹೊಟ್ಟ್ಯಾಗ ಏನೈತಿ ಅನ್ನೂದು ಕಲ್ಲಿಗೂ ಗೊತ್ತಿರೂದಿಲ್ಲ."

ಬಕೆಟ್ಟಿನಲ್ಲಿ ಮುಳುಗಿಸಿದ. ನೀರಿಗೆ ಬಣ್ಣ ಹತ್ತಿತೆಂದು ನಾನು ಕೂಗಿಕೊಂಡೆ. ಎತ್ತಿದ ಮೇಲೆ ನೀರು ನೀರಿನ ಹಾಗೇ ಇತ್ತು. ಅಪ್ಪ ಎಷ್ಟು ನಕ್ಕ ಎಂದರೆ ಕೆಮ್ಮು ಬಂತು. ಆಮೇಲೆ ಆ ಕೆಮ್ಮು ನಿಲ್ಲಲೇ ಇಲ್ಲ.

ಅಪ್ಪನನ್ನು ಬಾಗಲಕೋಟೆಯ ದವಾಖಾನೆಗೆ ಸೇರಿಸುವ ಮುಂಚೆ ಇಮಾಮಸಾಬ ಕಾಕಾ ಮನೆಗೆ ಬಂದು ಕಲ್ಲನ್ನು ಕೊಂಡ. ಸುತ್ತುವಾಗ ಅದು ಒರಳಿಗೆ ತಾಗಿ ಒಂದು ತುದಿ ಸಿಡಿಯಿತು. "ತೋಬಾ ತೋಬಾ" ಎಂದು ಎರಡೂ ಕೆನ್ನೆ ಬಡಿದುಕೊಂಡ. ಅಪ್ಪ ತುದಿಯನ್ನು ಎತ್ತಿ ನನ್ನ ಕೈಗೆ ಹಾಕಿದ. "ಹೋಗ್ಲಿ ಬಿಡ್ರಿ ಸಾಬ್ರ. ಇದು ನನ್ನ ಮಗಳ ಪಾಲು." ಇಮಾಮಸಾಬ ಕಾಕಾ ಹೇಳಿದ: "ಕಲ್ಲು ನನ್ನ ಅಂಗಡಿ ಕಿಟಕ್ಯಾಗ ಇರ್ತೈತಿ ತಂಗಿ. ಯಾವಾಗ ಬೇಕಾದರೂ ಬಾ, ನೋಡಿ ಹೋಗು."

ಅಪ್ಪ ಆ ವರ್ಷವೇ ಹೋದ. ಸಾಲೆ ಅಲ್ಲಿಗೇ ನಿಂತಿತು. ಬಾದಾಮಿಗೆ ನಾನು ಹೋಗಲಿಲ್ಲ. ಬರೀ ನೋಡಿ, ಏನೂ ಕೊಳ್ಳದೆ ಹೇಗೆ ಹೊರಗೆ ಬರುವುದು?

ಈಗ ಕೊಳ್ಳಲಿಕ್ಕೆ ಹೋಗಬಹುದು. ಹೋಗಲೇಬೇಕು.

14 ಜನವರಿ, ರವಿವಾರ

ಹೋಗಿದ್ದೆ. ಗುಹೆಗಳ ಕಡೆಗೆ ಹೋಗುವ ರಸ್ತೆಯಲ್ಲೇ ಅಂಗಡಿ. ಸಂಕ್ರಾಂತಿಯ ಗದ್ದಲ, ಮಂಗಗಳ ಗದ್ದಲ ಬೇರೆ. ಎದುರಿನ ಎಳನೀರಿನ ಗಾಡಿಯ ಹಿಂದೆ ನಿಂತು ನೋಡಿದೆ.

ಕಿಟಕಿಯಲ್ಲಿ ಎಲ್ಲಾ ಬಿಳಿ ಹರಳುಗಳು. ಇಳಿಬಿಸಿಲು ನೇರ ಒಳಗೆ ಬೀಳುತ್ತಿತ್ತು. ಕಣ್ಣು ಕೋರೈಸಿದವು. ನೇರಳೆ ಎಲ್ಲೂ ಇಲ್ಲ.

ಮಾರಿಬಿಟ್ಟಿದ್ದಾನೆ.

ಒಳಗೆ ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಅವ್ವನಿಗೆ ಏನೂ ಹೇಳಲಿಲ್ಲ. ನಾಳೆಯ ಹಬ್ಬಕ್ಕೆ ಎಳ್ಳು ಹುರಿಯುತ್ತಿದ್ದಳು.

28 ಜನವರಿ, ರವಿವಾರ

ಬರೆಯುವುದು ಬೇಡ ಎನಿಸಿತ್ತು. ಬಾಕ್ಸು, ಬಸ್ಸು, ಬಾಕ್ಸು.

ಇವತ್ತು ಗಾಳೆಪ್ಪ ಕಾಕಾ ಮನೆಗೇ ಬಂದ. ಕಲ್ಲು ಮಾರಿಹೋಗಿದೆ ಎಂದೆ. ಕಣ್ಣು ದೊಡ್ಡದು ಮಾಡಿದ. "ಯಾರಂದ್ರು? ನಾ ಮೊನ್ನಿ ಹೋಗಿದ್ನೆಲ್ಲ. ನೀಲಪ್ಪನ ಕಲ್ಲು ಇಟ್ಟ ಜಾಗಾ ಬಿಟ್ಟು ಕದಲಿಲ್ಲ ಅಂತ ಇಮಾಮಸಾಬನೇ ಅಂದಾ. ನೀ ಒಳಗ ಹೋಗಿದ್ದಿ ಏನ?"

ಕಿಟಕಿಯಲ್ಲಷ್ಟೇ ನೋಡಿದೆ ಎಂದೆ.

"ಬಾಗಲಾ ತಗದಿದ್ರೂ ಕಿಟಕ್ಯಾಗ ಹಣಿಕಿ ಹಾಕಿ ಬಂದಾಳಂತ! ನೀಲಪ್ಪಗ ಎಂಥಾ ಮಗಳು ಹುಟ್ಟಿದಳಪಾ. ಅವಾ ಬಂಡೆಗಲ್ಲಿನ ಕೂಡ ಮಾತಾಡಾಂವ!"

ಜಳಗಾಂವದವನು ಬರುವ ರವಿವಾರ ಬರುತ್ತಾನಂತೆ.

4 ಫೆಬ್ರುವರಿ, ರವಿವಾರ, ಸಂಜೆ

ಬಸ್ಸಿನಿಂದ ಇಳಿದ ಕೂಡಲೇ ಬರೆಯುತ್ತಿದ್ದೇನೆ. ಮರೆಯಬಾರದು.

ಬಾದಾಮಿಯ ಅಂಗಡಿಯ ಮುಂದೆ ಟೆಂಪೊ ನಿಂತಿತ್ತು. ಒಳಗೆ ನೆಲದ ಮೇಲೆ ಜಮಖಾನೆ ಹಾಸಿ ಹರಳುಗಳನ್ನು ಹರವಿದ್ದರು. ಜಳಗಾಂವದವನು ಒಂದೊಂದನ್ನೂ ಬೆಳಕಿಗೆ ಹಿಡಿದು ಬಲಕ್ಕೋ ಎಡಕ್ಕೋ ಇಡುತ್ತಿದ್ದ. ಬಲಕ್ಕೆ ಇಟ್ಟದ್ದು ಟೆಂಪೊಗೆ, ಎಡಕ್ಕೆ ಇಟ್ಟದ್ದು ಬೇಡವಾದದ್ದು. ಇಮಾಮಸಾಬ ಕಾಕಾನ ಮಗ ಅಯೂಬ ಅವನ್ನು ಪೇಪರಿನಲ್ಲಿ ಸುತ್ತುತ್ತಿದ್ದ. ನಾನು ಹೊಸ್ತಿಲ ಮೇಲೆ.

"ಏನ ಬೇಕ ಅಕ್ಕಾ? ಅಂಗಡಿ ಬಂದ್ ಆಗೇತಿ" ಎಂದ ಅಯೂಬ.

ಡಬ್ಬಿ ತೆಗೆದೆ. ಸೆರಗಿನ ತುಂಡು ಬಿಚ್ಚಿ, ತುದಿಯನ್ನು ಅಂಗೈಯಲ್ಲಿಟ್ಟು ಚಾಚಿದೆ. ಕುರ್ಚಿಯಲ್ಲಿದ್ದ ಇಮಾಮಸಾಬ ಕಾಕಾ ಕನ್ನಡಕ ಏರಿಸಿ ಬಗ್ಗಿದ.

"ಯಾ ಅಲ್ಲಾ. ನೀಲಪ್ಪನ ಮಗಳು!"

"ಅಪ್ಪನ ಕಲ್ಲು..." ಎಂದೆ.

ಕಾಕಾ ಎಡಗಡೆಯ ರಾಶಿ ತೋರಿಸಿದ. ಅಲ್ಲಿ ಎಲ್ಲದರ ಮೇಲೆ ತೆಂಗಿನಕಾಯಿ ಗಾತ್ರದ ಬಿಳಿ ಗೊಂಚಲು. ಅವತ್ತು ನಾನು ಕಿಟಕಿಯ ನಡುವೆ ನೋಡಿ, ದಾಟಿ ಹೋದದ್ದು. "ಅದ ಐತೆಲ್ಲ ತಂಗಿ."

ಅಲ್ಲ ಎಂದು ತಲೆ ಅಲ್ಲಾಡಿಸಿದೆ. ಜಳಗಾಂವದವನು ನನ್ನ ಅಂಗೈ ನೋಡಿದ, ಗೊಂಚಲು ನೋಡಿದ, ಕಿಟಕಿ ನೋಡಿದ. ಹಿಂದಿಯಲ್ಲಿ ಏನೋ ಹೇಳಿದ. ಅಯೂಬ ಕನ್ನಡದಲ್ಲಿ ಹೇಳಿದ: "ಈ ಜಾತಿ ನೇರಳೆ ಬಿಸಲ ತಡಿಯೂದಿಲ್ಲಂತ. ದಿನಾ ಬಿಸಲಾಗ ಇಟ್ರ ವರ್ಷ ಕಳದಂಗ ಬಣ್ಣಾ ಹಾರತೈತಂತ."

ಕಾಕಾ ಕಿಟಕಿಯ ಕಡೆ ತಿರುಗಿದ. ಈ ಕಡೆ ಬರುವುದು ಹೆಚ್ಚಾಗಿ ಬಿಳಿ ಹರಳು. ನೇರಳೆ ಅವನ ಕೈಗೆ ಬಂದದ್ದು ಇದೊಂದೇ. ಅದಕ್ಕೆಂದೇ ಕಿಟಕಿ ದೊಡ್ಡದು ಮಾಡಿಸಿದ್ದನಂತೆ. "ದಿನಾ ನಾನ ವರಸ್ತಿದ್ದೆ ತಂಗಿ, ಈ ಕೈಲೆ. ಒಮ್ಮಿಗೇ ಹೋಗಿದ್ರ ಕಾಣತಿತ್ತು. ಎಂದು ಹೋತೋ ತಿಳೀಲಿಲ್ಲ. ಕೇಳಿದವರಿಗೆಲ್ಲಾ ಮಾರೂದಿಲ್ಲ ಅಂದೆ. ಆಮ್ಯಾಲ ಕೇಳೂದ ಬಿಟ್ರು. ಯಾಕ ಬಿಟ್ರು ಅಂತ ನಾ ಒಮ್ಮೆರೆ ಯೋಚನಿ ಮಾಡ್ಲಿಲ್ಲ ನೋಡ."

ನಾನು ಕೆಳಗೆ ಕೂತೆ. ಗೊಂಚಲನ್ನು ತಿರುಗಿಸುತ್ತ ಹೋದೆ. ಒಂದು ಕಡೆ ಮೊಂಡು. ತುದಿಯನ್ನು ಇಟ್ಟೆ. ಮೊದಲು ಕೂರಲಿಲ್ಲ. ಸ್ವಲ್ಪ ತಿರುಗಿಸಿದೆ — ಕಟ್ ಎಂದು ಕೂತಿತು. ಕೂದಲೆಳೆಯಷ್ಟೂ ಸಂದು ಇಲ್ಲ. ಕೆಳಗೆಲ್ಲ ನೀರಿನ ಬಣ್ಣ, ಮೇಲೆ ಹೆಬ್ಬೆರಳಿನಷ್ಟು ನೇರಳೆ.

ಅಯೂಬನೂ ಪೇಪರು ಬಿಟ್ಟು ಬಗ್ಗಿ ನೋಡಿದ.

"ತಗೊಂಡ ಹೋಗವಾ" ಎಂದ ಕಾಕಾ. ಪುಕ್ಕಟೆ ಒಯ್ಯಲು ಮನಸ್ಸಾಗಲಿಲ್ಲ. ಬುತ್ತಿ ಬಿಚ್ಚಿ, ರೊಟ್ಟಿಯೊಳಗಿನ ಹೊಗೆ ಬಣ್ಣದ ಹರಳು ಕೊಟ್ಟೆ. ಜಳಗಾಂವದವನ ಕೈ ಬಂದೇ ಬಂತು. ಕಾಕಾ ಅದನ್ನು ಎದೆಯ ಜೇಬಿಗೆ ಹಾಕಿಕೊಂಡ. "ಇದು ಮಾರಾಕಲ್ಲ. ರೊಟ್ಟ್ಯಾಗ ಬಂದದ್ದು."

"ಬಿಸಲಾಗ ಇಡಬ್ಯಾಡ್ರಿ ಮತ್ತ" ಎಂದೆ.

ಎಲ್ಲರಿಗಿಂತ ಜೋರಾಗಿ ಕಾಕಾ ನಕ್ಕ. ಬಸ್ಸು ಹತ್ತುವ ಮೊದಲೇ ನನಗೆ ಉತ್ತರ ಬಂದದ್ದು ಇದೇ ಮೊದಲು.

5 ಫೆಬ್ರುವರಿ, ಸೋಮವಾರ, ಬೆಳಿಗ್ಗೆ

ಏಳುವಷ್ಟರಲ್ಲಿ ಅವ್ವ ಕಲ್ಲನ್ನು ಕಿಟಕಿಯಲ್ಲಿ ಇಟ್ಟಿದ್ದಾಳೆ. ಮೂಡಣದ ಕಿಟಕಿ. ಬಿಸಿಲು ಆಗಲೇ ಮೈಮೇಲಿದೆ. ಓಡಿದೆ. ಅವ್ವ ಕೈ ಹಿಡಿದಳು.

"ಇರಲಿ ಬಿಡ. ನಿಮ್ಮಪ್ಪ ಇದನ್ನ ಬಿಸಲಿಗೆ ಹಿಡದ ನೋಡತಿದ್ದಾ. ಇನ್ನ ಹೋಗೂದು ಏನ ಉಳದೈತಿ ಅದರಾಗ?"

ಅದು ಖರೆ. ಬುತ್ತಿ ಕಟ್ಟಿಕೊಂಡೆ. ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಬರೆಯಲು ಕೂತೆ. ಈಗ ಅವ್ವ ಎದುರಿಗೆ ಬಂದು ನಿಂತಿದ್ದಾಳೆ.

"ಆ ತುದೀನೂ ಕೊಡ. ಅದರ ಜಾಗಾದಾಗ ಇಡೂನು."

ಬಣ್ಣ ಹೋಗುತ್ತದೆ ಅವ್ವಾ ಎಂದೆ.

"ಡಬ್ಬ್ಯಾಗ ಇಟ್ಟು ಯಾರಿಗೆ ತೋರಸಾಕಿ ಇದ್ದಿ? ನಾ ಇನ್ನೂ ಒಮ್ಮೆರೆ ಸರಿಯಾಗಿ ನೋಡಿಲ್ಲ."

ಹೌದು. ಅವ್ವನಿಗೂ ತೋರಿಸಿಲ್ಲ. ಇಷ್ಟು ವರ್ಷ ನಾನೊಬ್ಬಳೇ ಬಾಗಿಲು ಹಾಕಿಕೊಂಡು...

ಕೈ ಚಾಚಿ ನಿಂತಿದ್ದಾಳೆ. ಡಬ್ಬಿ ನನ್ನ ಮಡಿಲಲ್ಲಿದೆ. ಮುಚ್ಚಳ ಬಿಗಿಯಾಗಿದೆ, ಎರಡೂ ಕೈ ಬೇಕು, ಪೆನ್ನು ಕೆಳಗಿಟ್ಟು—