ಶಿವಶಂಕರನ ಕಣ್ಣು ಹಳದಿಯಾದದ್ದು ಯಾಕೆ

ಗಾವಡಗೆರೆ
12-8-2003

ಸುಧಾ,

ಹತ್ತು ವರ್ಷದ ಮೇಲೆ ಗಂಡನ ಅಕ್ಕನ ಅಕ್ಷರ ಕಂಡು ಪತ್ರ ಮಡಿಸಿಡಬೇಡ, ಪೂರ್ತಿ ಓದು. ನಿನ್ನ ಮಗಳು ಗೌತಮಿ ಟಿ.ಬಿ. ಮಾತ್ರೆ ನುಂಗುತ್ತಿದ್ದಾಳೆ, ಈಚೆಗೆ ಊಟ ಸೇರುತ್ತಿಲ್ಲ, ವಾಂತಿ ಎಂದು ನಿಮ್ಮೂರಿನ ಪುಟ್ಟಮಲ್ಲಮ್ಮ ಕೊಪ್ಪದಲ್ಲಿ ಸಿಕ್ಕಾಗ ಹೇಳಿದಳು. ಇವಳ ಅಪ್ಪ ಹೇಗೆ ತೀರಿಕೊಂಡರು ಎಂದು ಡಾಕ್ಟರು ಕೇಳಿದ್ದಕ್ಕೆ ನೀನು, ಕುಡಿದು ಸತ್ತರು ಎಂದೆಯಂತೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಮ್ಮ ಕುಡಿದು ಸಾಯಲಿಲ್ಲ. ತಂಬಾಕಿನ ಎಲೆ ಬೇಯಿಸುವ ಬ್ಯಾರನ್ನಿನಲ್ಲಿ ರಾತ್ರಿಯೆಲ್ಲ ಬೆಂಕಿ ಕಾಯುತ್ತಿದ್ದವರೆಲ್ಲ ಕುಡಿಯುತ್ತಿದ್ದರು, ಅವನೂ ಕುಡಿಯುತ್ತಾನೆಂದು ಊರು ತೀರ್ಮಾನಿಸಿತು. ಟಿ.ಬಿ. ಮಾತ್ರೆ ಶುರುವಾದ ಮೇಲೆ ಅವನ ಕಣ್ಣು ಹಳದಿಯಾಯಿತು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಕೂಡ ಮಾಡಲಿಲ್ಲ. "ಮೊದ್ಲು ಕುಡ್ಯೋದ್ ಬುಡು, ಆಮೇಲ್ ಬಾ" ಎಂದು ನಕ್ಕು ಕಳಿಸಿದರು. ನಾವು ಕಾಮಾಲೆಗೆಂದು ನಾಟಿ ವೈದ್ಯರಿಂದ ಸೊಪ್ಪಿನ ರಸ ಕುಡಿಸಿದೆವು, ಜೊತೆಗೆ ಮಾತ್ರೆಯನ್ನೂ ನುಂಗಿಸಿದೆವು. ಆಸ್ಪತ್ರೆಯ ಮಾತ್ರೆಯ ವಿಷಯ ನಾಟಿ ವೈದ್ಯರಿಗೆ, ಸೊಪ್ಪಿನ ರಸದ ವಿಷಯ ಆಸ್ಪತ್ರೆಯವರಿಗೆ ಹೇಳಲಿಲ್ಲ.

"ನಾನ್ ಮುಟ್ಟಿಲ್ಲ ಕಣಕ್ಕ, ಸುಧಂಗೆ ನೀನಾರ ಯೋಳು" ಎಂದ, ಸಾಯುವ ಮುಂಚೆ. ಹೇಳಿದೆ. ನೀನು ನಂಬಲಿಲ್ಲ. ಊರೆಲ್ಲ ಒಂದೇ ಮಾತಾಡುವಾಗ ನೀನೊಬ್ಬಳು ಹೇಗೆ ನಂಬುತ್ತಿದ್ದೆ?

ಆಮೇಲೆ ನಾನು ಓದಿದೆ, ತಿಳಿದವರನ್ನು ಕೇಳಿದೆ. ಆ ಮಾತ್ರೆಗಳಲ್ಲಿ ಒಂದನ್ನು ಕೆಲವರ ದೇಹ ತೀರಾ ನಿಧಾನವಾಗಿ ಕರಗಿಸುತ್ತದೆ. ಅಂಥವರ ಲಿವರ್‌ಗೆ ಪೆಟ್ಟು ಬೀಳುವ ಸಂಭವ ಹೆಚ್ಚು. ಆ ಗುಣ ಹುಟ್ಟಿನಿಂದಲೇ, ಹೆತ್ತವರಿಂದ ಬರುತ್ತದೆ. ಗೌತಮಿಗೆ ಬಂದಿರದೆಯೂ ಇರಬಹುದು. ಆದರೆ ಅಪ್ಪ ಕುಡುಕ ಎಂದುಬಿಟ್ಟರೆ ಡಾಕ್ಟರಿಗೆ ಆ ಯೋಚನೆಯೇ ಬರುವುದಿಲ್ಲ.

ಮಾತ್ರೆಯನ್ನು ನೀನಾಗಿ ನಿಲ್ಲಿಸಬೇಡ. ಸೊಪ್ಪಿನ ರಸವೂ ಬೇಡ. ಪತ್ರ ಕೈಸೇರಿದ ದಿನವೇ ಅವಳನ್ನು ಕರೆದುಕೊಂಡು ಹೋಗಿ, ಇವಳ ಅಪ್ಪನಿಗೆ ಇದೇ ಮಾತ್ರೆಯಿಂದ ಕಾಮಾಲೆಯಾಗಿತ್ತು, ಲಿವರ್ ಪರೀಕ್ಷೆ ಮಾಡಿ ಎನ್ನು. ಯಾರು ನಕ್ಕರೂ ಎದ್ದು ಬರಬೇಡ. ಶನಿವಾರ ನಾನೇ ಕಂಪಲಾಪುರಕ್ಕೆ ಬರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಜಗುಲಿಯ ಮೇಲೆ ಕೂತಿರುತ್ತೇನೆ.

ಶಿವಶಂಕರನ ಅಕ್ಕ,
ಬೃಂದಾ

ತಾ.ಕ.: ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಹೋದ ವರ್ಷ ನನಗೂ ಟಿ.ಬಿ. ಆಗಿತ್ತು. ಅದೇ ಮಾತ್ರೆ, ನನ್ನ ಕಣ್ಣೂ ಹಳದಿಯಾಯಿತು. ಮೈಸೂರಿನ ಡಾಕ್ಟರಿಗೆ ತಮ್ಮನ ವಿಷಯ ಹೇಳಿದೆ. ಕೂಡಲೇ ಮಾತ್ರೆ ನಿಲ್ಲಿಸಿ, ಲಿವರ್ ಸುಧಾರಿಸಿದ ಮೇಲೆ ಬೇರೆ ಔಷಧಿ ಕೊಟ್ಟು ಬದುಕಿಸಿದರು. ನಾನಂತೂ ಒಂದು ತೊಟ್ಟು ಹೆಂಡ ಕುಡಿದವಳಲ್ಲ. ಅದು ನಿನಗೂ ಗೊತ್ತು.